ಡಬ್ಬಣ್ಣನ ಐವತ್ತೆರಡನೆಯ ಕಂತು

ಬೆಟಗೇರಿಯ ಫಕ್ಕೀರೇಶ ಒಂದು ಬೆಳಿಗ್ಗೆ ಮೈಕು ಹಿಡಿದು "ಬರ್ರಿ, ಬರ್ರಿ, ಲಗೂ ಬರ್ರಿ" ಎಂದು ಕೂಗಿದಾಗ, ಚಂದ್ರನ ಮೇಲೆ ಇಳಿದು ಕೂತಿದ್ದ ನೌಕೆಯೊಂದು ತನ್ನನ್ನೇ ಕರೆದರೆಂದು ತಿಳಿದು ಎದ್ದು ಹೊರಟೇಬಿಟ್ಟಿತ್ತು. ಅರ್ಧ ದಾರಿ ಬಂದಿದ್ದ ಅದನ್ನು "ನಿಮಗಲ್ಲರೀ, ಸೀರಿ ಅಂಗಡಿಗೆ ಬರೋರಿಗೆ ಅಂದೆ" ಎಂದು ಎರಡನೆಯ ಸಲ ಕೂಗಿ ಅವನೇ ತಿರುಗಿಸಿ ಕಳಿಸಬೇಕಾಯಿತು. ಸಾಕ್ಷಿ ಯಾರೆಂದು ಕೇಳಿದವರಿಗೆ ಅವನು ಆಕಾಶಕ್ಕೆ ಕೈ ತೋರಿಸುತ್ತಿದ್ದ. ಕೇಳುವವರು ಹಗಲಿನಲ್ಲೇ ಕೇಳುತ್ತಿದ್ದುದರಿಂದ ಅಲ್ಲಿ ಚಂದ್ರನಿರುತ್ತಿರಲಿಲ್ಲ. ಅದು ಅವನ ತಪ್ಪಲ್ಲ.

ಅವನ ಹೊಟ್ಟೆಪಾಡೇ ಅದು. ಆಟೋದ ನೆತ್ತಿಗೆ ಎರಡು ಧ್ವನಿವರ್ಧಕ ಕಟ್ಟಿಕೊಂಡು, ಸೀರೆಯ ಸೇಲು, ಸರ್ಕಸ್ಸು, ಕಣ್ಣು ತಪಾಸಣೆಯ ಶಿಬಿರ, ಏನೇ ಇದ್ದರೂ ಗದಗ-ಬೆಟಗೇರಿಯ ಓಣಿ ಓಣಿಯಲ್ಲಿ ಸಾರಿ ಬರುವುದು. ಹಿಡಿಯಷ್ಟಿದ್ದುದನ್ನು ಗುಡ್ಡ ಮಾಡದಿದ್ದರೆ ಆ ಕೆಲಸ ನಡೆಯುವುದಿಲ್ಲ. ಮೂರು ಸೈಕಲ್ಲಿನ ಸರ್ಕಸ್ಸು ಅವನ ಬಾಯಲ್ಲಿ ಮುನ್ನೂರು ಸೈಕಲ್ಲಿನದಾಗುತ್ತಿತ್ತು. ಜನ ಬಂದು, ಮೂರೇ ಎಣಿಸಿ, ಉಳಿದವು ಪಂಕ್ಚರ್ ಆಗಿರಬೇಕೆಂದು ಸಮಾಧಾನ ಮಾಡಿಕೊಂಡು ಹೋಗುತ್ತಿದ್ದರು.

ಇಂಥವನು ಒಂದೇ ಒಂದು ಸಂಗತಿಯನ್ನು ಮಾತ್ರ ಹಿಗ್ಗಿಸದೆ, ಕುಗ್ಗಿಸದೆ, ಪ್ರತಿ ಸಲ ಅದೇ ಮಾತುಗಳಲ್ಲಿ ಹೇಳುತ್ತಿದ್ದ. ಅದಕ್ಕೇ ಊರು ಅದನ್ನು ನಂಬಿತ್ತು. ಅದೇನೆಂದರೆ, ಡಬ್ಬಣ್ಣನ ಕೊನೆಯ ಕಂತನ್ನು ಅವನು ಕಣ್ಣಾರೆ ನೋಡಿದ್ದ.

ಡಬ್ಬಣ್ಣನೆಂದರೆ ಹನ್ನೆರಡು ಅಡಿಯ ತಗಡಿನ ಮನುಷ್ಯ. ಎಣ್ಣೆ ಡಬ್ಬಿಗಳನ್ನು ಬೆಸೆದು ಮಾಡಿದ ಮೈ, ಎದೆಗೊಂದು ಮುಚ್ಚಳ, ನಡೆದರೆ ಪಾತ್ರೆ ಅಂಗಡಿಗೆ ಬೆಕ್ಕು ನುಗ್ಗಿದ ಸದ್ದು. ಮೂವತ್ತಾರು ವರ್ಷಗಳ ಹಿಂದೆ, ಟೀವಿಗಳಿಗೆ ಇನ್ನೂ ಗೂನುಬೆನ್ನಿದ್ದ ಕಾಲದಲ್ಲಿ, ಅವನ ಕಾರ್ಟೂನು ಪ್ರತಿ ರವಿವಾರ ಬೆಳಿಗ್ಗೆ ಹತ್ತೂವರೆಗೆ ಬರುತ್ತಿತ್ತು. ಒಟ್ಟು ಐವತ್ತೆರಡು ಕಂತು. ಐವತ್ತೊಂದರ ಟೇಪುಗಳು ಉಳಿದಿದ್ದವು. ಒಂದೇ ಸಲ ತೋರಿಸಿದ ಕೊನೆಯದರ ಟೇಪು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಅದರಲ್ಲಿ ಡಬ್ಬಣ್ಣ ಮುರಿದ ಸೇತುವೆಗೆ ಅಡ್ಡ ಮಲಗಿ, ಊರ ಜನರನ್ನೆಲ್ಲ ಬೆನ್ನ ಮೇಲೆ ದಾಟಿಸಿ, ಮೈ ಕೊಡವಿ ಎದ್ದು, ಗುಡ್ಡದಾಚೆ ನಡೆದುಹೋದನೆಂದು ಫಕ್ಕೀರೇಶ ಹೇಳುತ್ತಿದ್ದ. ಆ ರವಿವಾರ ಅದನ್ನು ನೋಡಿದ್ದ ಓಣಿಯ ಉಳಿದ ಹುಡುಗರು ಕೂಡ ಬೆಳೆದು, ಚದುರಿ, ಅವನ ಬಾಯಲ್ಲಿ ಕೇಳಿ ಕೇಳಿ, ತಾವು ನೋಡಿದ್ದೂ ಇದನ್ನೇ ಎಂದು ಆಣೆ ಮಾಡುವಂತಾಗಿದ್ದರು.

ಹೀಗೆ ಎಲ್ಲ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಅವನ ಅಣ್ಣ ದ್ಯಾಮಣ್ಣನಿಗೆ ಲಕ್ವಾ ಹೊಡೆಯಿತು.

ದ್ಯಾಮಣ್ಣ ಟೀವಿ ರಿಪೇರಿ ಮಾಡುವವನು. ಒಂದು ಮಧ್ಯಾಹ್ನ ಅಂಗಡಿಯಲ್ಲಿ, ಬೆಸುಗೆ ಹಾಕುವ ಕಾದ ಕಡ್ಡಿ ಕೈಯಲ್ಲಿರುವಾಗಲೇ ಪಕ್ಕಕ್ಕೆ ವಾಲಿದ. ಮೆದುಳಿನ ಎಡಗಡೆ ರಕ್ತನಾಳ ಒಡೆದಿತ್ತು. ಬಲಗೈ ಸೋತಿತು, ಕಾಲು ಸ್ವಲ್ಪ ಉಳಿಯಿತು, ಮಾತು ಪೂರ್ತಿ ಹೋಯಿತು. ಹೇಳಿದ್ದು ತಿಳಿಯುತ್ತಿತ್ತು, ಹೇಳಬೇಕಾದ್ದೂ ಒಳಗಿತ್ತು. ನಡುವಿನ ದಾರಿ ಮಾತ್ರ ಕಡಿದುಬಿದ್ದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಸಬೀಹಾ ಮುಲ್ಲಾ ಎಂಬವರ ಕೈಯಲ್ಲಿ ಆ ವರ್ಷ ಹೊಸ ಯಂತ್ರವೊಂದಿತ್ತು. ರೋಗಿಗೊಂದು, ರೋಗಿಯ ಜೊತೆ ಬೆಳೆದವರಿಗೊಂದು, ತಲೆಗೆ ಸುತ್ತುವ ಎರಡು ದಪ್ಪ ಪಟ್ಟಿ. ಎರಡರ ತಂತಿಯೂ ಒಂದೇ ಪೆಟ್ಟಿಗೆಗೆ. ಊರವರು ಅದಕ್ಕೆ ಜೋಡಿಪೇಟ ಎಂದು ಹೆಸರಿಟ್ಟಿದ್ದರು.

"ಇದು ಮನಸ್ಸು ಓದೂದಿಲ್ಲ" ಎಂದು ಮೊದಲ ದಿನವೇ ಸಬೀಹಾ ಹೇಳಿದ್ದರು. "ಇಬ್ಬರೂ ಒಂದೇ ಕ್ಷಣಾನ ನೆನಸಾಕತ್ತಾರೋ ಇಲ್ಲೋ, ಅಷ್ಟ ನೋಡ್ತದ. ಒಬ್ಬರಿಗೆ ನೆನಪಿದ್ದದ್ದು ಪರದೆ ಮ್ಯಾಲೆ ಸೀಮೆಸುಣ್ಣದ ಗೆರಿ ಹಂಗ ಕಾಣ್ತದ. ಇಬ್ಬರಿಗೂ ನೆನಪಿದ್ದದ್ದು ಗಟ್ಟಿ ಆಗ್ತದ. ಅದರ ಮ್ಯಾಲೆ ಕಾಲಿಡಬಹುದು."

ಪರದೆಯ ಮೇಲೆ ನಡೆಯುತ್ತಿದ್ದುದು ಒಂದು ಆಟ. ಡಬ್ಬಣ್ಣನ ಹಳೆಯ ಅಭಿಮಾನಿಗಳಿಗಾಗಿ ಯಾರೋ ತಯಾರಿಸಿದ ವಿಡಿಯೋ ಗೇಮು. ಉಳಿದ ಟೇಪುಗಳಿಂದ ಐವತ್ತೊಂದು ಹಂತ ಕಟ್ಟಿದ್ದರು. ಬಾಯಲ್ಲಿ ಅಪ್ಪಣೆ ಕೊಟ್ಟರೆ ಮಾತ್ರ ಡಬ್ಬಣ್ಣ ಕದಲುತ್ತಿದ್ದ. ಚಿಕ್ಕಂದಿನಲ್ಲಿ ಜೀವಕ್ಕಿಂತ ಹೆಚ್ಚಾಗಿದ್ದುದನ್ನು ಕಣ್ಣೆದುರು ನಿಲ್ಲಿಸಿದರೆ, ಅದನ್ನು ಕರೆಯುವ ಆಸೆಗೆ ಮೆದುಳು ತಾನೇ ಹೊಸ ಕಾಲುದಾರಿ ಹುಡುಕುತ್ತದೆಂಬುದು ಸಬೀಹಾ ಅವರ ಲೆಕ್ಕ. ಲೆಕ್ಕ ಸುಳ್ಳಾಗಲಿಲ್ಲ. ಆಟ ಶುರುವಾದ ನಾಲ್ಕನೆಯ ದಿನ ಡಬ್ಬಣ್ಣ ಕೆಸರಲ್ಲಿ ಹೂತಾಗ, ದ್ಯಾಮಣ್ಣನ ಗಂಟಲಿನಿಂದ ತುಕ್ಕು ಹಿಡಿದ ಬೀಗ ತೆರೆದ ಹಾಗೆ ಹೊರಬಿತ್ತು: "ಏಳು."

ಲಕ್ವಾ ಹೊಡೆದು ಎಂಬತ್ತೊಂಬತ್ತು ದಿನಗಳಾಗುವಷ್ಟರಲ್ಲಿ ಹನ್ನೊಂದು ಮಾತು ಬಂದವು. ಏಳು, ನಡಿ, ಜಿಗಿ, ಹಿಡಿ, ಬಿಡು, ತಳ್ಳು, ತೆಗಿ, ಹಾಕು, ಬಾ, ಹೋಗು, ನಿಲ್ಲು. ಬರೀ ಅಪ್ಪಣೆಗಳು. ಒಂದರ ಪಕ್ಕ ಇನ್ನೊಂದು ಮಾತು ಕೂರುತ್ತಿರಲಿಲ್ಲ.

ಐವತ್ತೆರಡನೆಯ ಹಂತವನ್ನು ಆಟದವರು ಬರೀ ಬಿಳಿಯ ಪರದೆಯಾಗಿ ಬಿಟ್ಟಿದ್ದರು. ಸಬೀಹಾ ಅವರ ಕಣ್ಣು ಇದ್ದುದು ಆ ಬಿಳಿಯ ಮೇಲೆ.

"ಉಳಿದ ಹಂತದಾಗ ಎಲ್ಲಾ ತಯಾರ ಇರ್ತದ, ಇವರು ಒಂದು ಮಾತು ಒಗದ್ರ ಸಾಕು. ಇಲ್ಲಿ ಏನೂ ಇಲ್ಲ. ಎಲ್ಲಾನೂ ಇವರ ತಲಿನ ಕಟ್ಟಬೇಕು. ಪೂರಾ ವಾಕ್ಯ ಬರೂದಿದ್ರ ಇಲ್ಲೇ ಬರಬೇಕು. ತೊಂಬತ್ತು ದಿನ ಆದ ಮ್ಯಾಲೆ ಮೆದುಳು ಹಸೀ ಸಿಮೆಂಟ್ ಇದ್ದಂಗ ಇರೂದಿಲ್ಲ, ಗಟ್ಟಿ ಆಗಿಬಿಡ್ತದ. ನಾಳೆ ಒಂದು ದಿನ ಐತಿ ನಮಗ." ಅವರು ಕನ್ನಡಕ ತೆಗೆದು ಫಕ್ಕೀರೇಶನನ್ನೇ ನೋಡಿದರು. "ಅದಕ್ಕ ಕೇಳಾಕತ್ತೀನಿ. ಆ ಕೊನೀ ಕಂತು ನೀವು ಖರೇನ ನೋಡೀರಿ? ನೋಡಿದ್ದು ಒಂಟಿಯಾಗಿ ಬರೂದಿಲ್ಲ. ಆವತ್ತಿನ ವಾಸನಿ, ಮೊಣಕಾಲಿನ ಗಾಯ, ಬಾಜೂದವನ ಬೆವರು, ಎಲ್ಲಾ ಕೂಡೇ ಬರ್ತಾವ. ಕಟ್ಟಿದ ಕತಿ ಮಾತ್ರ ಸ್ವಚ್ಛ ಇರ್ತದ, ಹಿಂದ ಮುಂದ ಏನೂ ಇರೂದಿಲ್ಲ. ಯಂತ್ರಕ್ಕ ಅದು ತಗ್ಗು, ಕಾಲಿಟ್ರ ಡಬ್ಬಣ್ಣ ಒಳಗ ಬೀಳ್ತಾನ. ನೋಡಿಲ್ಲಂದ್ರ ಈಗ ಹೇಳ್ರಿ, ನಿಮ್ಮಿಬ್ಬರಿಗೂ ನೆನಪಿರೋ ಬ್ಯಾರೆ ದಿನ ಯಾವುದಾದ್ರೂ ತಗೋತೀನಿ."

ಫಕ್ಕೀರೇಶ ಬಾಯಿ ತೆರೆದ. ಗೋಡೆಯ ಪಕ್ಕದ ಗಾಲಿಕುರ್ಚಿಯಲ್ಲಿ ಅಣ್ಣ ಕೂತಿದ್ದ, ಬಾಗಿಲಲ್ಲಿ ಅಣ್ಣನ ಹೆಂಡತಿ ಕಸ್ತೂರಿ ನಿಂತಿದ್ದಳು. ಮೂವತ್ತಾರು ವರ್ಷ ಒಂದೇ ದಾರಿಯಲ್ಲಿ ಓಡಿದ ನಾಲಿಗೆ ಬೇರೆ ಕಡೆ ಹೊರಳಲಿಲ್ಲ.

"ಏನ್ ಕೇಳ್ತೀರಿ ಮೇಡಮ್ಮಾರ! ನಾ ಆ ಕಂತು ನೋಡಿದ್ದು ಹೆಂಗಂದ್ರ, ಟೀವೀನ ನನ್ನ ನೆನಪಿಟ್ಟೈತಿ."

ಸಬೀಹಾ ನಗಲಿಲ್ಲ. ಹಾಳೆಯ ಮೇಲೆ ಏನೋ ಬರೆದುಕೊಂಡರು.

ಆ ಸಂಜೆ ಬೆಟಗೇರಿಯ ಮನೆಯಲ್ಲಿ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ದ್ಯಾಮಣ್ಣ ಎದುರಿಗೆ ಕೂತು ಎಡಗೈಯಲ್ಲಿ ಉಣ್ಣುತ್ತಿದ್ದ. ಫಕ್ಕೀರೇಶನ ತಟ್ಟೆಯಲ್ಲಿ ರೊಟ್ಟಿ ಹಾಗೇ ಆರುತ್ತಿತ್ತು.

"ಹಾಕು" ಎಂದ ದ್ಯಾಮಣ್ಣ.

"ಹಾಕ್ತೀನಿ, ತಡೀರಿ" ಎಂದಳು ಕಸ್ತೂರಿ. "ನೋಡು ಫಕ್ಕೀರೇಶಾ, ಮುಂಜಾನಿಂದ ನನಗ ಏಳು, ನಡಿ, ಬಾ, ಹೋಗು. ನಾ ಏನ ಇವರ ಹೆಂಡ್ತಿನೋ ಡಬ್ಬಣ್ಣನೋ? ನಿನ್ನೆ ಒಗ್ಯಾಣದ ಬಟ್ಟಿ ತಗೊಂಡು ಹೊಂಟಿದ್ದೆ, ಹಿಂದಿಂದ 'ಜಿಗಿ' ಅಂದ್ರು. ಗಟಾರದಾಗ ಬೀಳ್ತಿದ್ದೆ."

ಫಕ್ಕೀರೇಶ ನಕ್ಕ. ದ್ಯಾಮಣ್ಣನ ಬಾಯಿಯ ಒಂದು ಬದಿಯೂ ನಕ್ಕಿತು. ಕಸ್ತೂರಿಯ ಕೈ ಮಾತ್ರ ಹಿಟ್ಟಿನ ಮೇಲೆ ನಿಂತುಬಿಟ್ಟಿತು.

"ಒಂದು ಪೂರಾ ಮಾತು ಸಾಕು ನನಗ" ಎಂದಳು ತಗ್ಗಿದ ದನಿಯಲ್ಲಿ. "ಬೈಲಿ ಬೇಕಾದ್ರ. ಇಪ್ಪತ್ತೆರಡು ವರ್ಷ ಬೈಸ್ಕೊಂಡೀನಿ, ಅದೇನ ಹೊಸಾದಲ್ಲ. ಖರೆ ಹೇಳು, ನೀ ಆ ಕಂತು ನೋಡೀಯೋ ಇಲ್ಲೋ? ಡಾಕ್ಟರು ನನ್ನ ಬಾಜೂಕ ಕರದು ಹೇಳ್ಯಾರ. ತಗ್ಗಿನಾಗ ಬಿದ್ದಂಗ ಆದ್ರ ಇವರ ಮೈ ಅದನ್ನ ಖರೆ ಅಂತ ತಿಳೀತದಂತ. ರಕ್ತದೊತ್ತಡ ಏರ್ತದಂತ. ನೂರಾ ಎಂಬತ್ತು ದಾಟಿದ್ರ ಮತ್ತ ಒಡೀಬಹುದಂತ."

ಫಕ್ಕೀರೇಶ ರೊಟ್ಟಿಯ ಚೂರೊಂದನ್ನು ಮುರಿದು ತಟ್ಟೆಯಲ್ಲೇ ಇಟ್ಟ. ನೀರು ಕುಡಿದ. ಹೇಳಿಬಿಡಲೇ ಎಂದುಕೊಂಡ. ಅಣ್ಣನ ಕಡೆ ನೋಡಿದ. ಅಣ್ಣ ತಿನ್ನುವುದನ್ನು ಬಿಟ್ಟು ಅವನನ್ನೇ ನೋಡುತ್ತಿದ್ದ.

ಅಣ್ಣತಮ್ಮಂದಿರದು ಒಂದು ಕರಾರಿತ್ತು, ಡಬ್ಬಣ್ಣ ಬರುತ್ತಿದ್ದ ಆ ವರ್ಷ. ಓಣಿಯ ನಳಕ್ಕೆ ವಾರದ ನೀರು ಬರುತ್ತಿದ್ದುದೂ ರವಿವಾರ ಹತ್ತೂವರೆಗೇ. ಅವ್ವ ಮಗ್ಗದ ಮನೆಯ ಕೆಲಸಕ್ಕೆ ಹೋದವಳು, ನೀರು ಇವರ ಪಾಲು. ಒಂದು ವಾರ ಒಬ್ಬ ಬಸಲಿಂಗಮ್ಮ ಟೀಚರ ಮನೆಯ ಕಿಟಕಿಯ ಹೊರಗೆ ನಿಂತು ಡಬ್ಬಣ್ಣನನ್ನು ನೋಡಬೇಕು, ಇನ್ನೊಬ್ಬ ಕೊಡ ಹೊರಬೇಕು. ನೋಡಿದವನು ಮಧ್ಯಾಹ್ನ ಮಾಳಿಗೆ ಹತ್ತಿ, ತಲೆಗೊಂದು ಡಬ್ಬಿ ಹಾಕಿಕೊಂಡು, ಕಂತು ಪೂರ್ತಿ ಆಡಿ ತೋರಿಸಬೇಕು. ಮುಂದಿನ ವಾರ ಪಾಳಿ ಬದಲು. ಐವತ್ತೆರಡನೆಯ ವಾರ ನೋಡುವುದು ಅಣ್ಣನ ಪಾಳಿ. ಅಣ್ಣ ಹನ್ನೆರಡರವನು, ಫಕ್ಕೀರೇಶ ಒಂಬತ್ತರವನು. ಆ ಬೆಳಿಗ್ಗೆ ಅಣ್ಣ ಕೊಡ ತಾನೇ ಎತ್ತಿಕೊಂಡು, "ನೀನ ಹೋಗಲೇ ಫಕ್ಯಾ, ನೀ ಚಲೋ ಹೇಳ್ತಿ" ಎಂದಿದ್ದ.

"ನೋಡೀನಿ ವೈನಿ" ಎಂದ ಫಕ್ಕೀರೇಶ. ಅಷ್ಟಕ್ಕೇ ನಿಲ್ಲಿಸಿದ್ದರೆ ಸುಳ್ಳು ಸಣ್ಣದಾಗಿಯಾದರೂ ಉಳಿಯುತ್ತಿತ್ತು. ನಿಲ್ಲಿಸಲಾಗಲಿಲ್ಲ. "ನಾಳೆ ನೋಡ್ತಿರ್ರಿ, ಆ ಸೇತುವಿ ಹೆಂಗ ಕಟ್ತೀನಂದ್ರ ಲಾರಿ ಹೋಗಬೇಕು ಅದರ ಮ್ಯಾಲೆ."

"ಬಿಡು" ಎಂದ ದ್ಯಾಮಣ್ಣ.

ಯಾವುದನ್ನು ಬಿಡಬೇಕೆಂದು ಯಾರೂ ಕೇಳಲಿಲ್ಲ. ಕೇಳಿದರೆ ಹೇಳಲು ಅವನ ಬಳಿ ಮಾತಿರಲಿಲ್ಲ.

ತೊಂಬತ್ತನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಜೋಡಿಪೇಟದ ಕೋಣೆಯ ಪರದೆಗಳನ್ನು ಎಳೆದರು. ಅಣ್ಣತಮ್ಮಂದಿರನ್ನು ಅಕ್ಕಪಕ್ಕದ ಕುರ್ಚಿಯಲ್ಲಿ ಕೂರಿಸಿ, ತಲೆಗೆ ಪಟ್ಟಿ ಸುತ್ತಿ, ಕಣ್ಣಿಗೆ ಆಟದ ಪರದೆ ಒಳಗೇ ಕಾಣುವ ಕಪ್ಪು ಕನ್ನಡಕ ಹಾಕಿ, ಕಿವಿಗೆ ಸಬೀಹಾ ಅವರ ದನಿ ಕೇಳುವಂತೆ ಮಾಡಿದರು. ದ್ಯಾಮಣ್ಣನ ತೋಳಿಗೆ ರಕ್ತದೊತ್ತಡದ ಪಟ್ಟಿ. ಗಾಜಿನಾಚೆಯ ನಿಯಂತ್ರಣ ಕೋಣೆಯಲ್ಲಿ ಸಬೀಹಾ ಕೂತರು. ಅವರ ಹಿಂದೆ ಕಸ್ತೂರಿ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು.

"ನೂರಾ ಮೂವತ್ತೆಂಟು" ಎಂದರು ಸಬೀಹಾ. "ಶುರು ಮಾಡ್ತೀನಿ. ಫಕ್ಕೀರೇಶ, ನೀವು ಬರೇ ನೆನಸ್ರಿ. ಮಾತಾಡೂದು ಅವರ ಕೆಲಸ."

ಬಿಳುಪು. ಸುಣ್ಣ ಹೊಡೆದ ಗೋಡೆಯೊಳಗೆ ಮುಖ ಹುದುಗಿಸಿದ ಹಾಗೆ. ಆಮೇಲೆ ನಡುವಿನಲ್ಲಿ ಡಬ್ಬಣ್ಣ ಮೂಡಿದ, ಎಣ್ಣೆ ಡಬ್ಬಿಯ ಮೊಣಕಾಲು, ಎದೆಯ ಮುಚ್ಚಳ, ಎಲ್ಲ ಗಟ್ಟಿಯಾಗಿ. ಅವನನ್ನು ಇಬ್ಬರೂ ನೆನೆಯಬಲ್ಲರು.

"ನಡಿ" ಎಂದ ದ್ಯಾಮಣ್ಣ.

ಡಬ್ಬಣ್ಣ ನಡೆದ. ಫಕ್ಕೀರೇಶ ಮನಸ್ಸು ಬಿಗಿಹಿಡಿದು ತನ್ನ ಸೇತುವೆಯನ್ನು ನೆನೆದ: ಮುರಿದ ಕಂಬ, ಕೆಳಗೆ ಕಂದಕ, ಆಚೆ ದಡದಲ್ಲಿ ಕೂಗುವ ಜನ. ಸಾವಿರ ಸಲ ಹೇಳಿದ ಸೇತುವೆ ಅದು. ಬಿಳುಪಿನ ಮೇಲೆ ಸುಣ್ಣದ ಗೆರೆ ಮೂಡಿತು, ಹಲಗೆಯ ಆಕಾರವೂ ಬಂತು. ಡಬ್ಬಣ್ಣ ಅದರ ಮೇಲೆ ಕಾಲಿಟ್ಟ. ಕಾಲು ಹೊಗೆಯಲ್ಲಿ ಇಳಿದಂತೆ ಇಳಿಯಿತು.

ತಗಡು ಕಿರುಗುಟ್ಟಿತು. ಡಬ್ಬಣ್ಣ ಮೊಣಕಾಲಿನವರೆಗೆ ಸಿಕ್ಕಿಬಿದ್ದ.

"ನೂರಾ ಐವತ್ತೊಂದು. ಫಕ್ಕೀರೇಶ, ನಿಮ್ಮ ಕಡೆಯಿಂದ ಏನೂ ಬರವಲ್ದು. ವಾಸನಿ ಇಲ್ಲ, ಸದ್ದಿಲ್ಲ. ಎಲ್ಲಿ ನಿಂತು ನೋಡಿದ್ರಿ? ಅದನ್ನ ನೆನಸ್ರಿ."

ಎಲ್ಲಿ ನಿಂತು? ಫಕ್ಕೀರೇಶ ಸಿಕ್ಕಿದ್ದನ್ನೆಲ್ಲ ಬಾಚಿ ಒಟ್ಟಿದ. ಸೇತುವೆಗೆ ಇನ್ನೆರಡು ಕಂಬ ಸೇರಿಸಿದ. ಸಿಡಿಲು ಹೊಡೆಸಿದ. ಆಚೆ ದಡಕ್ಕೆ ಮುನ್ನೂರು ಜನರನ್ನು ತಂದು ನಿಲ್ಲಿಸಿದ, ಸಾಲದೆಂದು ಮೂರು ಸಾವಿರ ಮಾಡಿದ. ಓಣಿಗಳಲ್ಲಿ ಇದೇ ಅವನನ್ನು ಯಾವಾಗಲೂ ಕಾಪಾಡಿದ್ದುದು. ಒಂದು ಸುಳ್ಳು ಸಣ್ಣದಾಯಿತೆನಿಸಿದರೆ ಅದರ ಮುಂದೆ ಇನ್ನೂ ದೊಡ್ಡದನ್ನು ನಿಲ್ಲಿಸಿಬಿಡುತ್ತಿದ್ದ. ಇಲ್ಲಿ ಅವನು ಸೇರಿಸಿದ ಪ್ರತಿಯೊಂದಕ್ಕೂ ಡಬ್ಬಣ್ಣನ ಕೆಳಗೆ ಒಂದೊಂದು ಕಿಂಡಿ ತೆರೆಯಿತು. ಮೂರು ಸಾವಿರ ಜನ ನಿಂತ ದಡವಂತೂ ಒಮ್ಮೆಲೇ ಮಾಯವಾಯಿತು.

ಡಬ್ಬಣ್ಣ ಜಾರಿದ. ಎದೆಯ ಮುಚ್ಚಳ ಬಡಿದುಕೊಂಡು ತೆರೆಯಿತು. ಒಂದು ಕೈ ಮಾತ್ರ ಮೇಲೆ, ಯಾವುದೋ ಅಂಚಿಗೆ ಸಿಕ್ಕಿಕೊಂಡಿತ್ತು.

"ಹಿಡಿ!" ದ್ಯಾಮಣ್ಣ ಕೂಗಿದ. "ಹಿಡಿ! ಹಿಡಿ!"

"ನೂರಾ ಅರವತ್ತಾರು."

ಪಕ್ಕದ ಕುರ್ಚಿಯಲ್ಲಿ ಅಣ್ಣನ ಉಸಿರು ತಿದಿಯಂತೆ ಏರಿಳಿಯುವುದು ಫಕ್ಕೀರೇಶನಿಗೆ ಕೇಳಿಸಿತು. ಕೈ ಚಾಚಿ ಅಣ್ಣನ ತೋಳು ಮುಟ್ಟಿದ. ಬೆವರಿನಿಂದ ತೊಯ್ದಿತ್ತು.

"ಮೇಡಂ, ತಗೀರಿ ಇದನ್ನ!" ಕಸ್ತೂರಿಯ ದನಿ ಗಾಜಿನಾಚೆಯಿಂದ ಕಿವಿಯ ಯಂತ್ರದೊಳಗೆ ಸಣ್ಣದಾಗಿ ಬಂತು.

"ನೂರಾ ಎಪ್ಪತ್ತೆರಡು. ಇನ್ನ ಎಂಟು ಐತಿ. ಫಕ್ಕೀರೇಶ, ನೀವು ನೆನಸಾಕತ್ತಿಲ್ಲ, ಕಟ್ಟಾಕತ್ತೀರಿ. ನಿಲ್ಲಿಸ್ರಿ ಅದನ್ನ! ಏನೂ ಕಟ್ಟಬ್ಯಾಡ್ರಿ!"

ನಿಲ್ಲಿಸುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಸುಮ್ಮನಿರಲು ಅವನು ಎಂದೂ ಕಲಿತಿರಲಿಲ್ಲ. ಹಲ್ಲು ಕಚ್ಚಿ ಸೇತುವೆಯನ್ನು ತಲೆಯಿಂದ ಹೊರದಬ್ಬಿದ. ಕಂಬಗಳು ಅಳಿಸಿಹೋದವು. ಸಿಡಿಲು, ಜನ, ಗುಡ್ಡ, ಎಲ್ಲ ಹೋದವು. ಎಲ್ಲೆಲ್ಲೂ ಬಿಳುಪು, ನಡುವೆ ಒಂದು ಕೈಯಲ್ಲಿ ಜೋತಾಡುವ ತಗಡಿನ ಮನುಷ್ಯ.

"ನೂರಾ ಎಪ್ಪತ್ತೇಳು. ಸಾಕು. ಬಂದ್ ಮಾಡ್ತೀನಿ."

"ನಿಲ್ಲು" ಎಂದ ದ್ಯಾಮಣ್ಣ.

ಡಬ್ಬಣ್ಣನಿಗಲ್ಲ. ಕಿವಿಯೊಳಗಿನ ದನಿಗೆ. ಸಬೀಹಾ ಅವರ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು.

ಬಿಳುಪಿನಲ್ಲಿ ಹೊಸ ಗೆರೆಗಳು ಮೂಡತೊಡಗಿದವು. ಅವು ಫಕ್ಕೀರೇಶನವಲ್ಲ. ನಿಧಾನವಾಗಿ, ನಡುಗುತ್ತ, ಎಡಗೈಯಲ್ಲಿ ಬರೆದ ಹಾಗೆ. ಮೊದಲು ನಾಲ್ಕು ಸರಳು. ಸರಳಿಗೊಂದು ಚೌಕಟ್ಟು. ಬಸಲಿಂಗಮ್ಮ ಟೀಚರ ಮನೆಯ ಕಿಟಕಿ. ಅದನ್ನು ನೋಡುವ ಕೋನ ಮಾತ್ರ ವಿಚಿತ್ರವಾಗಿತ್ತು. ತಲೆ ಒಂದು ಕಡೆ ವಾಲಿಸಿ, ದೂರದಿಂದ, ಓರೆಯಾಗಿ. ನೋಟದ ಬಲಗಡೆಯಲ್ಲಿ ಏನೋ ದುಂಡಗಿನದು ಅಡ್ಡ ಬರುತ್ತಿತ್ತು. ಫಕ್ಕೀರೇಶನಿಗೆ ಅದು ಕೊಡದ ಹೊಟ್ಟೆಯೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹೆಗಲ ಮೇಲಿನ ತುಂಬಿದ ಕೊಡ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಣ್ಣ ಆವತ್ತು ಕೊಡ ಹೊತ್ತುಕೊಂಡೇ ಕಿಟಕಿಯ ತನಕ ಬಂದಿದ್ದ.

ಕಿಟಕಿಯ ಕೆಳಗೆ ತಲೆಗಳು ಮೂಡಿದವು. ಮಕ್ಕಳ ಹಿಂದಲೆಗಳು, ಹನ್ನೊಂದು. ಎಣ್ಣೆ ಹಚ್ಚಿ ಬಾಚಿದ್ದು, ಬೋಳಿಸಿದ್ದು, ರಿಬ್ಬನ್ನಿನ ಎರಡು ಜಡೆ. ನೋಟ ಒಂದೊಂದರ ಮೇಲೂ ನಿಂತು ಮುಂದೆ ಸರಿಯಿತು. ಏನನ್ನು ಹುಡುಕುತ್ತಿದೆಯೆಂದು ಫಕ್ಕೀರೇಶನಿಗೆ ತಿಳಿಯಿತು, ತಿಳಿದ ಮೇಲೆ ಅವನೂ ಹುಡುಕಿದ. ಎರಡು ಸುಳಿಯ ತಲೆ. ಓಣಿಗೆಲ್ಲ ಅಂಥ ತಲೆ ಒಂದೇ ಇತ್ತು. ಎಲ್ಲಾದರೂ ಮೂಲೆಯಲ್ಲಿ ಸಿಕ್ಕೀತೆಂದು ಅವನು ಮತ್ತೆ ಮೊದಲಿನಿಂದ ಎಣಿಸಿದ. ಹನ್ನೊಂದು. ಅದರಲ್ಲಿ ಅವನಿರಲಿಲ್ಲ.

ನೋಟ ಇನ್ನೂ ಒಂದಿಷ್ಟು ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ ಕೊಡ ಹೆಗಲು ಬದಲಾಯಿಸಿತು.

ಪಕ್ಕದ ಕುರ್ಚಿಯಲ್ಲಿ ದ್ಯಾಮಣ್ಣ ಉಸಿರೆಳೆದುಕೊಂಡ. ತುಟಿ ಕೂಡಿಸಿದ, ಬಿಟ್ಟ. ಮತ್ತೆ ಕೂಡಿಸಿದ. ಒಂದೊಂದು ಮಾತೂ ಕಲ್ಲು ಹೊತ್ತು ಮೆಟ್ಟಿಲು ಹತ್ತುವವನ ಹಾಗೆ ಬಂತು.

"ಫಕ್ಯಾ... ಆವತ್ತ... ನೀ... ಎಲ್ಲಿದ್ದಿ?"

ನಿಯಂತ್ರಣ ಕೋಣೆಯಲ್ಲಿ ಕಸ್ತೂರಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಸಬೀಹಾ ಪಿಸುದನಿಯಲ್ಲಿ, ತಮಗೇ ಹೇಳಿಕೊಂಡ ಹಾಗೆ, "ಪೂರಾ ಬಂತು" ಎಂದರು. ಮರುಕ್ಷಣ ಅಂಕಿಯ ಕಡೆ ನೋಡಿದರು. "ನೂರಾ ಎಪ್ಪತ್ತೊಂಬತ್ತು. ಫಕ್ಕೀರೇಶ, ಉತ್ತರಾ ಕೊಡ್ರಿ. ಅವರೊಬ್ಬರೇ ಹಿಡಕೊಂಡಾರ ಅದನ್ನ. ಉತ್ತರಾ ಕೊಡ್ರಿ!"

ಡಬ್ಬಣ್ಣನ ಬೆರಳುಗಳು ಒಂದೊಂದಾಗಿ ಅಂಚಿನಿಂದ ಬಿಡುತ್ತಿದ್ದವು.

ಫಕ್ಕೀರೇಶನ ಬಾಯಿಗೆ ಅಭ್ಯಾಸದಿಂದ ಮೂರು ಉತ್ತರ ಒಮ್ಮೆಲೇ ಬಂದವು. ಕಿಟಕಿಯ ಆಚೆ ಬದಿಗಿದ್ದೆ. ಟೀಚರೇ ಒಳಗೆ ಕರೆದು ಕೂರಿಸಿದ್ದರು. ಕುರ್ಚಿ ಹಾಕಿದ್ದರು. ಮೂರನ್ನೂ ನುಂಗಿದ.

"ಹಿಂದಿದ್ನಿ ಅಣ್ಣಾ" ಎಂದ. ಮೈಕಿಲ್ಲದ ಅವನ ದನಿ ಇಷ್ಟೇ ಎಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಟೀಚರ ಮನಿ ಹಿಂದ. ಗ್ವಾಡಿಗೆ ಒರಗಿ ಕೂತಿದ್ನಿ."

ಕಿಟಕಿಯ ಗೆರೆಗಳು ಒಂದು ಸಲ ನಡುಗಿ ಗಟ್ಟಿಯಾದವು. ಸುಣ್ಣದ ಬಣ್ಣ ಬಂತು, ಸರಳಿಗೆ ತುಕ್ಕು ಬಂತು. ಡಬ್ಬಣ್ಣ ಜೋತಾಡುತ್ತಿದ್ದ ಕಡೆ ಒಂದು ಚಪ್ಪಡಿಕಲ್ಲು ಮೂಡಿತು.

"ನೂರಾ ಎಪ್ಪತ್ತಾರು" ಎಂದರು ಸಬೀಹಾ.

"ಶೆಟ್ಟರ ಹುಡುಗ ಹಿಂದಿನ ದಿನ ಸಾಲ್ಯಾಗ ಹೇಳಿದ್ದ, ಕೊನೀ ಕಂತಿನಾಗ ಡಬ್ಬಣ್ಣ ಸಾಯ್ತಾನಂತ. ನನಗ ರಾತ್ರಿ ಇಡೀ ನಿದ್ದಿ ಬಂದಿದ್ದಿಲ್ಲ. ನೀ ಕೊಡ ಎತ್ತಿಕೊಂಡು ನನಗ ಹೋಗು ಅಂದಿ, ಹ್ವಾದ್ನಿ. ಕಿಟಕೀತನ ಹ್ವಾದ್ನಿ. ಶುರುವಿನ ಹಾಡು ಬಂತು. ಓಡಿ ಹಿಂದ ಹ್ವಾದ್ನಿ." ಇನ್ನೊಂದು ಕಲ್ಲು. ಅದರಾಚೆ ಮತ್ತೊಂದು. ಎಲ್ಲಿಂದಲೋ ಮಗ್ಗದ ಲಟಕ್ ಪಟಕ್ ಸದ್ದು ತೇಲಿಬಂತು, ಹಸಿ ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆಯೂ ಬಂದಂತಾಯಿತು. "ಕಿವ್ಯಾಗ ಬೆರಳಿಟ್ಕೊಂಡು ಕೂತ್ನಿ. ಆದ್ರೂ ಒಂದೀಟ ಕೇಳಸ್ತಿತ್ತು. ಅದಕ್ಕ ಮಗ್ಗದ ಸಪ್ಪಳ ಎಣಿಸಿದ್ನಿ. ನಾಕ ತಾಸು ಕೂತಿದ್ನಿ ಹಂಗ..."

ತುದಿಯ ಕಲ್ಲು ಕರಗಿತು. ಡಬ್ಬಣ್ಣನ ಮೈ ಝಗ್ಗನೆ ಕೆಳಗೆ ಕುಸಿಯಿತು.

"ಇಲ್ಲ! ಇಲ್ಲಣ್ಣಾ, ಅಷ್ಟಿಲ್ಲ. ಅರ್ಧ ತಾಸು. ಕಂತು ಮುಗಿಯೂತನ, ಅಷ್ಟ."

ಕಲ್ಲು ಮರಳಿ ಬಂತು. ಡಬ್ಬಣ್ಣ ಅದರ ಮೇಲೆ ಎರಡೂ ಕೈ ಊರಿದ.

"ನೂರಾ ಅರವತ್ತೆಂಟು. ಹೇಳ್ರಿ, ಬಿಡಬ್ಯಾಡ್ರಿ."

"ನೀ ನಲವತ್ತು ಕೊಡ ಹೊತ್ತಿದ್ದಿ ಆವತ್ತ" ಎಂದ ಫಕ್ಕೀರೇಶ, ತಕ್ಷಣ ತಡೆದು, "ಎಷ್ಟೋ ನನಗ ಗೊತ್ತಿಲ್ಲ. ನಾ ನೋಡಿಲ್ಲ. ನಿನ್ನ ಹೆಗಲ ಕೆಂಪಾಗಿತ್ತು, ಅಷ್ಟ ನೋಡೀನಿ. ಮಾಳಿಗಿ ಮ್ಯಾಲೆ ಬಂದು 'ಹೇಳಲೇ, ಏನಾತು' ಅಂದಿ. ನೋಡಿಲ್ಲ ಅಂತ ಹೆಂಗ ಹೇಳ್ಲಿ? ಅದಕ್ಕ ಸೇತುವಿ ಮಾಡಿದ್ನಿ. ಡಬ್ಬಣ್ಣನ್ನ ಎಬ್ಬಿಸಿ ಗುಡ್ಡದ ಆಚೆ ಕಳಿಸಿದ್ನಿ. ಅಂವ ಸಾಯಬಾರದಿತ್ತು ನನಗ, ಅದಕ್ಕ."

ಅಣ್ಣನ ಎಡಗೈ ಕತ್ತಲಲ್ಲಿ ತಡಕಾಡಿ ಅವನ ಮಣಿಕಟ್ಟು ಹಿಡಿಯಿತು. ಬಿಡಿಸಿಕೊಳ್ಳಲಾಗದಷ್ಟು ಬಿಗಿಯಾಗಿ.

ಬಿಳುಪಿನಲ್ಲಿ ಮನೆಯ ಹಿಂಗೋಡೆ ಮೂಡಿತು. ಅದರ ಬುಡದಲ್ಲಿ, ಕಿವಿಗೆ ಬೆರಳು ಕೊಟ್ಟುಕೊಂಡು, ಎರಡು ಸುಳಿಯ ತಲೆಯನ್ನು ಮೊಣಕಾಲಿಗೆ ಒತ್ತಿಕೊಂಡ ಒಂಬತ್ತು ವರ್ಷದ ಹುಡುಗನ ಗೆರೆ. ಡಬ್ಬಣ್ಣ ಚಪ್ಪಡಿಗಳ ಮೇಲೆ ಒಂದೊಂದೇ ಹೆಜ್ಜೆಯಿಡುತ್ತ ಅವನ ಕಡೆಗೆ ಬರುತ್ತಿದ್ದ.

"ನೂರಾ ಐವತ್ತು" ಎಂದ ಸಬೀಹಾ ಅವರ ದನಿಯೂ ಹದ ತಪ್ಪಿತ್ತು.

"ಅದೊಂದ ಅಲ್ಲಣ್ಣಾ" ಎಂದ ಫಕ್ಕೀರೇಶ. "ನೀ ಅಂಗಡ್ಯಾಗ ಬಿದ್ದಾಗ ದಾವಣಗೆರಿಗೆ ಹೋಗೀನಿ, ದೊಡ್ಡ ಸರ್ಕಸ್ಸಿನ ಕೆಲಸ ಅಂತ ವೈನಿಗೆ ಹೇಳಿ ಕಳಿಸಿದ್ನಿ. ಎಲ್ಲಿಗೂ ಹೋಗಿದ್ದಿಲ್ಲ. ಆಟೋ ತಗೊಂಡು ಬಂದು, ಈ ಆಸ್ಪತ್ರಿ ಹಿಂದ ನಿಂತಿದ್ನಿ. ಒಂಬತ್ತು ದಿನ. ಒಳಗ ಬರಾಕ ಆಗಲಿಲ್ಲ. ಇಡೀ ಊರಿಗೆ ಕೇಳೂವಂಗ ಒದರ್ತೀನಿ, ಕಿಟಕಿ ಮುಂದ ಬಂದು ನಿಂದ್ರಾಕ ಆಗೂದಿಲ್ಲ ನನಗ. ಅವತ್ತೂ ಆಗಲಿಲ್ಲ. ನಾ ಏನೂ ನೋಡಿಲ್ಲ, ಅಣ್ಣಾ. ಅಂಜಿ ಕೂತಿದ್ನಿ."